ಒಲೆ ಕದಲಿಸದೆ ಹೊಸ ಅಡುಗೆ: ಸ್ಥಿರ ಲಿನಕ್ಸ್‌ನಲ್ಲಿ ಹೊಸ ತಂತ್ರಾಂಶ

ಗಣಕಯಂತ್ರದ ಯಂತ್ರಾಂಶವನ್ನು ಆಳುವ ಲಿನಕ್ಸ್ ಎಂಬ ಕರ್ನೆಲ್, ಅದರ ಆಸರೆಯಲ್ಲಿ ನಡೆಯುವ ಸಾವಿರಾರು ತಂತ್ರಾಂಶಗಳು, ಅವನ್ನು ಅಳವಡಿಸುವ ಮತ್ತು ತೆಗೆಯುವ ಸಲಕರಣೆಗಳು, ಇವೆಲ್ಲವನ್ನೂ ಒಂದಕ್ಕೊಂದು ಹೊಂದುವಂತೆ ಆಯ್ದು, ಪರೀಕ್ಷಿಸಿ, ಬಳಕೆದಾರರ ಕೈಗಿಡುವ ಸಂಕಲನಕ್ಕೆ ವಿತರಣೆ ಎಂದೂ ಬಳಕೆಯ ಮಾತಿನಲ್ಲಿ ಡಿಸ್ಟ್ರೊ ಎಂದೂ ಹೆಸರು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇಂಥ ವಿತರಣೆಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದು. ಉಬುಂಟು ಹಾಗೂ ಭಾರತದ ಸಿ-ಡ್ಯಾಕ್ ಸಂಸ್ಥೆ ರೂಪಿಸಿದ ಬಾಸ್ ಲಿನಕ್ಸ್ ಎರಡೂ ಅದರ ಬುನಾದಿಯ ಮೇಲೆ ನಿಂತಿವೆ. ಡೆಬಿಯನ್‌ನ ಸ್ಥಿರ ಆವೃತ್ತಿ ಸರಿಸುಮಾರು ಎರಡು ವರ್ಷಕ್ಕೊಮ್ಮೆ ಹೊರಬರುತ್ತದೆ, ಮತ್ತು ಹೊರಬಂದ ದಿನ ಅದರಲ್ಲಿದ್ದ ತಂತ್ರಾಂಶಗಳ ಆವೃತ್ತಿಗಳು, ಕೆಲವು ಅನಿವಾರ್ಯ ವಿನಾಯಿತಿಗಳನ್ನು ಬಿಟ್ಟರೆ, ಅದರ ಆಯುಸ್ಸಿನುದ್ದಕ್ಕೂ ಹಾಗೆಯೇ ಉಳಿಯುತ್ತವೆ. ಈ ಕಾರಣದಿಂದಲೇ ಸ್ಥಿರ ವ್ಯವಸ್ಥೆಯನ್ನು ಬಳಸುವವರಿಗೆ ಒಂದಲ್ಲ ಒಂದು ದಿನ, ಇರುವ ವ್ಯವಸ್ಥೆಯನ್ನು ಕೆಡಿಸದೆ ಹೊಸ ತಂತ್ರಾಂಶವೊಂದನ್ನು ಅದರೊಳಗೆ ತರುವುದು ಹೇಗೆ ಎಂಬ ಪ್ರಶ್ನೆ ಎದುರಾಗುತ್ತದೆ.

ಸ್ಥಿರತೆ ಎಂದರೇನು

ಸ್ಥಿರ ಎಂಬ ಮಾತಿಗೆ ಇಲ್ಲಿ ದೋಷವಿಲ್ಲದ್ದು ಎಂಬುದಕ್ಕಿಂತ ಬದಲಾಗದ್ದು ಎಂಬ ಅರ್ಥವೇ ಮುಖ್ಯವಾದುದು. ಡೆಬಿಯನ್ 12ರ ಸಿದ್ಧತೆಯಲ್ಲಿ 2023ರ ಜನವರಿಯಿಂದಲೇ ದೊಡ್ಡ ಬದಲಾವಣೆಗಳಿಗೆ ಹಂತಹಂತವಾಗಿ ತಡೆಹಾಕಿ, ಉಳಿದ ತಿಂಗಳುಗಳನ್ನು ದೋಷ ತಿದ್ದುವುದಕ್ಕೆ ಮೀಸಲಿಟ್ಟು, ಆ ವರ್ಷದ ಜೂನ್ 10ರಂದು ಅದನ್ನು ಬಿಡುಗಡೆ ಮಾಡಲಾಯಿತು. ಅದರಲ್ಲಿದ್ದ ಕರ್ನೆಲ್ 6.1ನೆಯದು, ಕಚೇರಿ ಕೆಲಸದ ಲಿಬ್ರೆಆಫೀಸ್ 7.4ನೆಯದು, ಪೈಥಾನ್ ಭಾಷೆ 3.11ನೆಯದು. ಬಿಡುಗಡೆಯ ನಂತರ ಮೂರು ವರ್ಷ ಪೂರ್ಣ ಪಾಲನೆಯೂ ಅನಂತರ ಎರಡು ವರ್ಷ ದೀರ್ಘಾವಧಿ ಪಾಲನೆಯೂ ದೊರೆಯುತ್ತವೆ. ಈ ಐದು ವರ್ಷಗಳಲ್ಲಿ ಬರುವುದು ಬಹುಮಟ್ಟಿಗೆ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿಗಳೇ ಹೊರತು ಹೊಸ ಸೌಲಭ್ಯಗಳಲ್ಲ.

ಈ ತಿದ್ದುಪಡಿಗಳು ಬರುವ ಬಗೆಯನ್ನು ಅರಿಯದೆ, ಆವೃತ್ತಿಯ ಸಂಖ್ಯೆ ಹಳೆಯದಾದ್ದರಿಂದ ತಂತ್ರಾಂಶವೂ ಅಸುರಕ್ಷಿತವಾಗಿರಬೇಕು ಎಂದು ಭಾವಿಸುವವರು ಬಹಳ. 2014ರ ಏಪ್ರಿಲ್ 7ರಂದು ಬಯಲಾದ ಹಾರ್ಟ್‌ಬ್ಲೀಡ್ ಎಂಬ ದೋಷ ಇದಕ್ಕೆ ಸ್ಪಷ್ಟವಾದ ಉದಾಹರಣೆ. ಅಂತರಜಾಲದ ಸಂವಹನವನ್ನು ಗೂಢಲಿಪಿಯಲ್ಲಿ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಮೂಲ ತಯಾರಕರು 1.0.1ಜಿ ಎಂಬ ಹೊಸ ಆವೃತ್ತಿಯಲ್ಲಿ ಆ ದೋಷವನ್ನು ತಿದ್ದಿದರೆ, ಡೆಬಿಯನ್ 7ನ್ನು ಪಾಲಿಸುತ್ತಿದ್ದವರು ತಮ್ಮಲ್ಲಿದ್ದ 1.0.1ಇ ಆವೃತ್ತಿಯನ್ನೇ ಉಳಿಸಿಕೊಂಡು, ದೋಷವಿದ್ದ ಸಾಲುಗಳನ್ನಷ್ಟೇ ಸರಿಪಡಿಸಿ, ಹೆಸರಿನ ಕೊನೆಗೆ ‘ಡೆಬ್7ಯು5’ ಎಂಬ ಗುರುತನ್ನು ಸೇರಿಸಿ ಹಂಚಿದರು. ಮೊದಲ ಅಂಕಿಗಳನ್ನಷ್ಟೇ ಓದುವವರಿಗೆ ಅದು ದೋಷಪೂರಿತ ಆವೃತ್ತಿಯಂತೆ ಕಾಣುತ್ತದೆ. ಕೊನೆಯ ಗುರುತನ್ನೂ ಓದಬಲ್ಲವರಿಗೆ ಅದು ತಿದ್ದಿದ ಆವೃತ್ತಿ ಎಂಬುದು ತಿಳಿಯುತ್ತದೆ. ಅದಕ್ಕೂ ಹಿಂದಿನ ಡೆಬಿಯನ್ 6ರಲ್ಲಿ ಇದ್ದದ್ದು ಇನ್ನೂ ಹಳೆಯ ಓಪನ್‌ಎಸ್‌ಎಸ್‌ಎಲ್ ಆಗಿದ್ದು, ಆ ದೋಷ ಹುಟ್ಟಿದ್ದೇ ನಂತರದ ಆವೃತ್ತಿಯಲ್ಲಾದ್ದರಿಂದ ಅದಕ್ಕೆ ಯಾವ ಬಾಧೆಯೂ ತಟ್ಟಲಿಲ್ಲ.

ಹತ್ತು ವರ್ಷಗಳ ನಂತರ, 2024ರ ಮಾರ್ಚ್ 29ರಂದು, ಇದೇ ಪಾಠ ಮತ್ತೊಂದು ರೂಪದಲ್ಲಿ ಬಂತು. ಕಡತಗಳನ್ನು ಕುಗ್ಗಿಸಿಡುವ ಎಕ್ಸ್‌ಜೆಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಉದ್ದೇಶಪೂರ್ವಕವಾಗಿ ಕಳ್ಳದಾರಿಯೊಂದನ್ನು ಅಡಗಿಸಿದ್ದುದು, ದೂರದ ಗಣಕಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿರುವುದನ್ನು ಗಮನಿಸಿ ಕಾರಣ ಹುಡುಕಹೊರಟ ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರರ ಎಚ್ಚರದಿಂದ ಬಯಲಾಯಿತು. ಆ ಆವೃತ್ತಿಗಳು ಡೆಬಿಯನ್‌ನ ಮುಂದಿನ ಬಿಡುಗಡೆ ಸಿದ್ಧವಾಗುವ ಪರೀಕ್ಷಾ ಶಾಖೆಯವರೆಗೆ ತಲುಪಿದ್ದವಾದರೂ ಸ್ಥಿರ ಶಾಖೆಯಲ್ಲಿದ್ದದ್ದು 5.4.1 ಆದ್ದರಿಂದ ಅದರ ಬಳಕೆದಾರರು ಪಾರಾದರು. ಹೊಸದೆಲ್ಲ ಸುರಕ್ಷಿತವಲ್ಲ, ಹಳೆಯದೆಲ್ಲ ಅಪಾಯಕಾರಿಯಲ್ಲ. ಹಾಗಾಗಿ ಹೊಸ ತಂತ್ರಾಂಶಕ್ಕೆ ಕೈಹಾಕುವ ಮುನ್ನ ಅದರ ಅಗತ್ಯವನ್ನೇ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು.

ನಿಜವಾದ ಅಗತ್ಯ ಯಾವಾಗ

ಆದರೆ ಅಗತ್ಯ ನಿಜವಾಗಿರುವ ಸಂದರ್ಭಗಳೂ ಇವೆ. ಸ್ಥಿರ ಆವೃತ್ತಿ ಬಿಡುಗಡೆಯಾದ ಮೇಲೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿನ ವೈಫೈ ಅಥವಾ ಗ್ರಾಫಿಕ್ಸ್ ಚಿಪ್ ಹಳೆಯ ಕರ್ನೆಲ್ಲಿಗೆ ಪರಿಚಯವಿರುವುದಿಲ್ಲ. ಸಹೋದ್ಯೋಗಿಗಳು ಹೊಸ ಆವೃತ್ತಿಯಲ್ಲಿ ಸಿದ್ಧಪಡಿಸಿದ ಕಡತ ಹಳೆಯದರಲ್ಲಿ ಸರಿಯಾಗಿ ತೆರೆದುಕೊಳ್ಳದೆ ಹೋಗಬಹುದು. ಕನ್ನಡ ಲಿಪಿಗೆ ಸಂಬಂಧಿಸಿದ ನಿದರ್ಶನವೂ ಒಂದಿದೆ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿ, ಹವ್ಯಕ ಮುಂತಾದ ನುಡಿಗಳ ಅನುನಾಸಿಕ ಉಚ್ಚಾರಣೆಯನ್ನು ಸೂಚಿಸುವ, ಅಕ್ಷರದ ಮೇಲೆ ಬಲಬದಿಗೆ ಕೂರುವ ಅನುಸ್ವಾರದ ಚಿಹ್ನೆ ಯೂನಿಕೋಡ್‌ಗೆ ಸೇರಿದ್ದು 2022ರ ಸೆಪ್ಟೆಂಬರಿನಲ್ಲಿ ಬಂದ 15.0ನೆಯ ಆವೃತ್ತಿಯಲ್ಲಿ. 2021ರ ಆಗಸ್ಟಿನಲ್ಲಿ ಹೊರಬಂದ ಡೆಬಿಯನ್ 11 ಇನ್ನೂ ಹುಟ್ಟದಿದ್ದ ಆ ಚಿಹ್ನೆಯನ್ನು ಅರಿತಿರುವುದು ಸಾಧ್ಯವೇ ಇರಲಿಲ್ಲ. ಅದು ಸರಿಯಾಗಿ ಮೂಡಬೇಕಾದರೆ ಅದರ ರೂಪವುಳ್ಳ ಹೊಸ ಫಾಂಟೂ ಅದನ್ನು ಗುರುತಿಸಬಲ್ಲ ತಂತ್ರಾಂಶವೂ ಬೇಕು. ಫಾಂಟಿನ ಮಟ್ಟಿಗೆ ಪರಿಹಾರ ಸುಲಭ: ಬಳಕೆದಾರರ ಸ್ವಂತ ಕಡತಕೋಶದ ಫಾಂಟುಗಳ ಜಾಗದಲ್ಲಿ ಅದನ್ನು ಇಟ್ಟರೆ ಸಾಕು, ಬೇಡವಾದಾಗ ಅಳಿಸಿದರಾಯಿತು. ತಂತ್ರಾಂಶದ ವಿಷಯ ಅಷ್ಟು ಸರಳವಲ್ಲ.

ಕೂಡುಕುಟುಂಬದ ಒಲೆ

ಸರಳವಲ್ಲದಿರುವುದಕ್ಕೆ ಕಾರಣ ಲೈಬ್ರರಿಗಳೆಂಬ ಹಂಚಿಕೊಂಡ ಭಾಗಗಳು. ಕಡತ ತೆರೆಯುವುದು, ಅಕ್ಷರ ಮೂಡಿಸುವುದು, ಜಾಲದೊಡನೆ ಮಾತಾಡುವುದು ಮುಂತಾದ ಸಾಮಾನ್ಯ ಕೆಲಸಗಳನ್ನು ಪ್ರತಿಯೊಂದು ತಂತ್ರಾಂಶವೂ ಪ್ರತ್ಯೇಕವಾಗಿ ಮಾಡಿಕೊಳ್ಳುವ ಬದಲು, ಎಲ್ಲವೂ ಸೇರಿ ಒಂದೇ ಲೈಬ್ರರಿಯನ್ನು ಬಳಸುತ್ತವೆ. ಇದು ಕೂಡುಕುಟುಂಬದ ಅಡುಗೆಮನೆಯಂಥ ಏರ್ಪಾಡು: ಒಂದೇ ಒಲೆಯಲ್ಲಿ ಎಲ್ಲರಿಗೂ ಬೇಯುವುದರಿಂದ ಸೌದೆಯೂ ಜಾಗವೂ ಉಳಿಯುತ್ತವೆ, ಒಲೆ ಕೆಟ್ಟಾಗ ಒಮ್ಮೆ ಸರಿಮಾಡಿದರೆ ಎಲ್ಲರಿಗೂ ಸರಿಹೋಗುತ್ತದೆ, ಆದರೆ ಒಬ್ಬರ ರುಚಿಗಾಗಿ ಸಾರಿನ ಉಪ್ಪು ಬದಲಾಯಿಸಿದರೆ ಇಡೀ ಪಂಕ್ತಿಯ ಊಟ ಬದಲಾಗುತ್ತದೆ.

ಈ ಒಲೆಗಳಲ್ಲೆಲ್ಲ ದೊಡ್ಡದು ಜಿಲಿಬ್‌ಸಿ ಎಂಬ ಲೈಬ್ರರಿ. ಬಹುತೇಕ ಪ್ರತಿ ತಂತ್ರಾಂಶವೂ ಕರ್ನೆಲ್ಲಿನೊಡನೆ ವ್ಯವಹರಿಸುವುದು ಇದರ ಮೂಲಕವೇ. ಹಳೆಯ ಜಿಲಿಬ್‌ಸಿಗಾಗಿ ಸಿದ್ಧಪಡಿಸಿದ ತಂತ್ರಾಂಶ ಹೊಸದರ ಮೇಲೆ ನಡೆಯುವಂತೆ ಅದರ ರಚನೆಯಲ್ಲೇ ಎಚ್ಚರ ವಹಿಸಲಾಗಿದೆ. ಆದರೆ ಹೊಸದಕ್ಕಾಗಿ ಸಿದ್ಧಪಡಿಸಿದ್ದು ಹಳೆಯದರ ಮೇಲೆ ನಡೆಯುತ್ತದೆಂಬ ಭರವಸೆಯಿಲ್ಲ. ಡೆಬಿಯನ್ 12ರಲ್ಲಿರುವುದು ಜಿಲಿಬ್‌ಸಿ 2.36. ಮುಂದಿನ ವಿತರಣೆಗಾಗಿ ಕಟ್ಟಿದ ತಂತ್ರಾಂಶವೊಂದನ್ನು ಅದರ ಮೇಲೆ ಚಲಾಯಿಸಹೊರಟರೆ, ‘ಜಿಲಿಬ್‌ಸಿ 2.38 ಸಿಗಲಿಲ್ಲ’ ಎಂಬರ್ಥದ ಒಂದು ಸಾಲನ್ನು ಮೂಡಿಸಿ ಅದು ನಿಂತುಬಿಡುತ್ತದೆ. ಆಗ ಮುಂದಿನ ಆವೃತ್ತಿಯ ಭಂಡಾರವನ್ನೇ, ಎಂದರೆ ಪ್ಯಾಕೇಜುಗಳೆಂಬ ಅಳವಡಿಕೆಗೆ ಸಿದ್ಧವಾದ ತಂತ್ರಾಂಶದ ಕಟ್ಟುಗಳನ್ನು ಪಡೆಯುವ ಮೂಲವನ್ನೇ, ಇದ್ದ ವ್ಯವಸ್ಥೆಗೆ ಸೇರಿಸಿ ಜಿಲಿಬ್‌ಸಿಯನ್ನು ಏರಿಸಿಬಿಡುವ ಆಸೆ ಹುಟ್ಟುತ್ತದೆ. ಒಂದು ಪ್ಯಾಕೇಜಿಗಾಗಿ ಬಂದ ಹೊಸ ಲೈಬ್ರರಿ ತನ್ನೊಡನೆ ಇನ್ನಷ್ಟು ಲೈಬ್ರರಿಗಳನ್ನು ಎಳೆದು ತರುತ್ತದೆ, ಅವು ಹಳೆಯ ಪ್ಯಾಕೇಜುಗಳನ್ನು ಹೊರದಬ್ಬುತ್ತವೆ, ಕೊನೆಗೆ ಉಳಿಯುವುದು ಯಾರೂ ಒಟ್ಟಾಗಿ ಪರೀಕ್ಷಿಸದ ಮಿಶ್ರಣ. ಸ್ಥಿರವೂ ಅಲ್ಲದ ಹೊಸದೂ ಅಲ್ಲದ ಇಂಥ ವ್ಯವಸ್ಥೆಯನ್ನು ಡೆಬಿಯನ್ ವಲಯದಲ್ಲಿ ಫ್ರಾಂಕೆನ್‌ಡೆಬಿಯನ್ ಎಂದು ಕರೆದು, ಅದರಿಂದ ದೂರವಿರಬೇಕೆಂದು ಎಚ್ಚರಿಸಲಾಗುತ್ತದೆ.

ಸುರಕ್ಷಿತ ದಾರಿಗಳು

ಮೊದಲು ನೋಡಬೇಕಾದ ದಾರಿ ಬ್ಯಾಕ್‌ಪೋರ್ಟ್ಸ್ ಎಂಬ ಭಂಡಾರ. 2010ರಲ್ಲಿ ಡೆಬಿಯನ್‌ನ ಅಧಿಕೃತ ಸೇವೆಯಾದ ಇದರಲ್ಲಿ, ಮುಂದಿನ ಬಿಡುಗಡೆಗಾಗಿ ಸಿದ್ಧವಾಗುತ್ತಿರುವ ಕೆಲವು ತಂತ್ರಾಂಶಗಳನ್ನು ಈಗಿನ ಸ್ಥಿರ ಆವೃತ್ತಿಯ ಲೈಬ್ರರಿಗಳಿಗೆ ಹೊಂದುವಂತೆ ಮತ್ತೆ ಕಟ್ಟಿ ಇಡಲಾಗುತ್ತದೆ. ಹೊಸ ಅಡುಗೆಯನ್ನು ಇದ್ದ ಒಲೆಯಲ್ಲೇ ಬೇಯಿಸುವಂತೆ. ಹೊಸ ಕರ್ನೆಲ್ ಮತ್ತು ಲಿಬ್ರೆಆಫೀಸ್ ಇಲ್ಲಿ ಸಾಮಾನ್ಯವಾಗಿ ದೊರೆಯುತ್ತವೆ. ಪ್ಯಾಕೇಜುಗಳನ್ನು ನಿರ್ವಹಿಸುವ ಆಪ್ಟ್ ಎಂಬ ಸಲಕರಣೆ ಪ್ರತಿ ಭಂಡಾರಕ್ಕೂ ಒಂದು ಆದ್ಯತೆಯ ಅಂಕವನ್ನು ನೀಡುತ್ತದೆ: ಸಾಮಾನ್ಯ ಭಂಡಾರಕ್ಕೆ 500, ಬ್ಯಾಕ್‌ಪೋರ್ಟ್ಸ್‌ಗೆ ಕೇವಲ 100. ಆದ್ದರಿಂದ ಅದನ್ನು ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಈಗಿರುವ ಯಾವ ಪ್ಯಾಕೇಜೂ ಬದಲಾಗುವುದಿಲ್ಲ. ಹೆಸರು ಹಿಡಿದು ಕೇಳಿದ ಪ್ಯಾಕೇಜು ಮತ್ತು ಅದಕ್ಕೆ ಬೇಕಾದ ಪೂರಕಗಳಷ್ಟೇ ಬರುತ್ತವೆ, ಹಾಗೆ ಬಂದವು ಮುಂದೆ ಅಲ್ಲಿಂದಲೇ ತಿದ್ದುಪಡಿ ಪಡೆಯುತ್ತವೆ. ಆದರೆ ಸ್ಥಿರ ಭಂಡಾರಕ್ಕೆ ದೊರೆಯುವಷ್ಟು ಗಟ್ಟಿಯಾದ ಭದ್ರತಾ ಪಾಲನೆ ಬ್ಯಾಕ್‌ಪೋರ್ಟ್ಸ್‌ಗೆ ದೊರೆಯುವುದಿಲ್ಲವಾದ್ದರಿಂದ ಬೇಕಾದಷ್ಟನ್ನೇ ತರುವುದು ಜಾಣತನ.

ಎರಡನೆಯದು ತಂತ್ರಾಂಶದ ತಯಾರಕರೇ ನಡೆಸುವ ಭಂಡಾರ. ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ತಂತ್ರಾಂಶ ಇದಕ್ಕೆ ಒಳ್ಳೆಯ ಮಾದರಿ: ಡೆಬಿಯನ್ 12ರ ಜೊತೆ ಬಂದದ್ದು 15ನೆಯ ಆವೃತ್ತಿಯಾದರೂ, ಅದರ ತಯಾರಕರ ಭಂಡಾರದಿಂದ 16ನೆಯದನ್ನು ತಂದು, ಎರಡನ್ನೂ ಪಕ್ಕಪಕ್ಕದಲ್ಲೇ ನಡೆಸಿ, ಮಾಹಿತಿಯನ್ನು ನಿಧಾನವಾಗಿ ವರ್ಗಾಯಿಸಬಹುದು. ಆದರೆ ಪ್ಯಾಕೇಜು ಅಳವಡಿಕೆಯಾಗುವಾಗ ಅದರೊಳಗಿನ ಆದೇಶಗಳು ಗಣಕದ ಸರ್ವಾಧಿಕಾರದೊಂದಿಗೆ ನಡೆಯುವುದರಿಂದ, ಹೊರಗಿನ ಭಂಡಾರವೊಂದನ್ನು ಸೇರಿಸುವುದೆಂದರೆ ಮನೆಯ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟಂತೆಯೇ ಸರಿ. ಅಂಥ ನಂಬಿಕೆಗೆ ಅರ್ಹವಾದ ಭಂಡಾರಗಳನ್ನು ಮಾತ್ರ ಸೇರಿಸಬೇಕು.

ಮೂರನೆಯದು ಹೊಸ ತಂತ್ರಾಂಶಕ್ಕೆ ಬೇರೆ ಒಲೆಯನ್ನೇ ಹೂಡುವ ದಾರಿ. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮತ್ತು ಆಪ್‌ಇಮೇಜ್ ಎಂಬ ಮೂರು ವಿಧಾನಗಳೂ ತಂತ್ರಾಂಶವನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ತರುತ್ತವೆ. ಫ್ಲಾಟ್‌ಪ್ಯಾಕ್‌ನಲ್ಲಿ ಹಲವು ತಂತ್ರಾಂಶಗಳಿಗೆ ಆಧಾರವಾಗುವ ರನ್‌ಟೈಮ್ ಎಂಬ ಲೈಬ್ರರಿಗಳ ಕಟ್ಟು ಪ್ರತ್ಯೇಕವಾಗಿ ಬರುವುದರಿಂದ, ವ್ಯವಸ್ಥೆಯ ಜಿಲಿಬ್‌ಸಿ ಎಷ್ಟೇ ಹಳೆಯದಿದ್ದರೂ ಹೊಸ ತಂತ್ರಾಂಶ ನಡೆಯುತ್ತದೆ. ಅದು ಕಂಪ್ಯೂಟರಿನ ಯಾವ ಭಾಗಗಳನ್ನು ಮುಟ್ಟಬಹುದೆಂಬುದಕ್ಕೂ ಮಿತಿಯಿರುತ್ತದೆ. ವ್ಯವಸ್ಥೆಯಲ್ಲಿ ಅಳವಡಿಸಿದ ಫಾಂಟುಗಳು ಹೀಗೆ ಮಿತಿಗೊಳಪಟ್ಟ ಆವರಣದೊಳಗೂ ಕಾಣುವಂತೆ ಏರ್ಪಾಡಿರುವುದರಿಂದ ಕನ್ನಡದ ಬರಹಕ್ಕೆ ತೊಡಕಾಗದು. ಸ್ನ್ಯಾಪ್ ಉಬುಂಟುವಿನ ಹಿಂದಿರುವ ಕೆನಾನಿಕಲ್ ಸಂಸ್ಥೆಯದು. ತಿದ್ದುಪಡಿ ಬಂದಿದೆಯೇ ಎಂದು ಅದು ದಿನಕ್ಕೆ ನಾಲ್ಕು ಬಾರಿ ತಾನಾಗಿಯೇ ನೋಡುತ್ತದೆ. ಆಪ್‌ಇಮೇಜ್ ಒಂದೇ ಕಡತ. ಆದರೆ ಅದು ಸಾಮಾನ್ಯವಾಗಿ ವ್ಯವಸ್ಥೆಯ ಜಿಲಿಬ್‌ಸಿಯನ್ನೇ ಅವಲಂಬಿಸುತ್ತದೆ, ಮತ್ತು ಹೊಸ ಆವೃತ್ತಿ ಬಂದುದನ್ನು ಬಹಳಷ್ಟು ಬಾರಿ ಬಳಕೆದಾರರೇ ಗಮನಿಸಬೇಕಾಗುತ್ತದೆ. ಬೇರೆ ಒಲೆಗೆ ಬೇರೆ ಸೌದೆ ಬೇಕಾಗುವಂತೆ ಈ ವಿಧಾನಗಳಲ್ಲಿ ಡಿಸ್ಕಿನ ಜಾಗ ಹೆಚ್ಚು ಖರ್ಚಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೈಬ್ರರಿಯೊಂದರಲ್ಲಿ ಭದ್ರತಾ ದೋಷ ಕಂಡಾಗ ಡೆಬಿಯನ್ ಮಾಡುವ ತಿದ್ದುಪಡಿ ಆ ಕಟ್ಟುಗಳೊಳಗಿನ ಪ್ರತಿಯನ್ನು ತಲುಪುವುದಿಲ್ಲ.

ತಂತ್ರಾಂಶ ಬರೆಯುವವರಿಗೆ ಇನ್ನೂ ಎರಡು ದಾರಿಗಳಿವೆ. ಕಂಟೇನರ್ ಎಂಬ ಆವರಣದೊಳಗೆ ಹೊಸ ವಿತರಣೆಯೊಂದನ್ನೇ ಇಟ್ಟು, ಡಿಸ್ಟ್ರೊಬಾಕ್ಸ್‌ನಂಥ ಸಲಕರಣೆಯ ಮೂಲಕ ಅದರೊಳಗಿನ ತಂತ್ರಾಂಶವನ್ನು ಹಳೆಯ ವ್ಯವಸ್ಥೆಯಿಂದಲೇ ಬಳಸುವುದು ಒಂದು. ಪೈಥಾನ್‌ನ ಲೈಬ್ರರಿಗಳನ್ನು ಯೋಜನೆಗೊಂದರಂತೆ ಪ್ರತ್ಯೇಕ ಕೋಶದಲ್ಲಿ ಅಳವಡಿಸುವುದು ಮತ್ತೊಂದು. ಡೆಬಿಯನ್ 12ರಿಂದೀಚೆಗೆ, ಪೈಥಾನ್‌ನ ಅಳವಡಿಕೆಯ ಸಲಕರಣೆಯಾದ ಪಿಪ್ ವ್ಯವಸ್ಥೆಯ ಲೈಬ್ರರಿಗಳಿಗೆ ನೇರವಾಗಿ ಕೈಹಾಕಹೊರಟರೆ ಅದನ್ನು ತಡೆದು, ಪ್ರತ್ಯೇಕ ಕೋಶವನ್ನು ಬಳಸುವಂತೆ ಸೂಚಿಸಲಾಗುತ್ತದೆ.

ದುರಸ್ತಿಯ ಹೊಣೆ

ಈ ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅವುಗಳ ನಡುವಿನ ನಿಜವಾದ ವ್ಯತ್ಯಾಸ ತಾಂತ್ರಿಕ ವಿಧಾನಕ್ಕಿಂತ ಹೆಚ್ಚಾಗಿ ದುರಸ್ತಿಯ ಹೊಣೆಗೆ ಸಂಬಂಧಿಸಿದ್ದೆಂಬುದು ಮನವರಿಕೆಯಾಗುತ್ತದೆ. ಸ್ಥಿರ ಭಂಡಾರದ ತಂತ್ರಾಂಶದಲ್ಲಿ ನಾಳೆ ದೋಷ ಕಂಡರೆ ಅದನ್ನು ತಿದ್ದುವ ತಂಡವೊಂದು ಇದೆ. ಬ್ಯಾಕ್‌ಪೋರ್ಟ್ಸ್‌ನಲ್ಲಿ ಆ ಹೊಣೆ ಅದನ್ನು ಕಟ್ಟಿದ ಸ್ವಯಂಸೇವಕರದು. ಹೊರಗಿನ ಭಂಡಾರ ಮತ್ತು ಫ್ಲಾಟ್‌ಪ್ಯಾಕ್‌ಗಳಲ್ಲಿ ಪ್ರಕಟಿಸಿದವರದು. ಮೂಲ ಸಂಕೇತದಿಂದ ಸ್ವತಃ ಕಟ್ಟಿಕೊಂಡ ತಂತ್ರಾಂಶದ ಹೊಣೆ ಕಟ್ಟಿಕೊಂಡವರದೇ. ಹೊಸದನ್ನು ತರುವವರು ಇದನ್ನು ಅರಿತು, ಏನನ್ನು ಎಲ್ಲಿಂದ ತಂದದ್ದೆಂಬುದನ್ನು ಬರೆದಿಟ್ಟುಕೊಂಡು, ಅಗತ್ಯ ತೀರಿದ ಮೇಲೆ ತೆಗೆದುಹಾಕುವ ರೂಢಿ ಬೆಳೆಸಿಕೊಂಡರೆ ಹಳೆಯ ವ್ಯವಸ್ಥೆಯೂ ಹೊಸ ತಂತ್ರಾಂಶವೂ ವರ್ಷಗಟ್ಟಲೆ ಜೊತೆಯಾಗಿ ಬಾಳಬಲ್ಲವು.

ಬ್ಯಾಕ್‌ಪೋರ್ಟ್ಸ್ ಪ್ಯಾಕೇಜಿನ ಹೆಸರಿನಲ್ಲಿ ಈ ವಿವೇಕ ಒಂದೇ ಒಂದು ಚಿಹ್ನೆಯಲ್ಲಿ ಅಡಗಿದೆ. ಆವೃತ್ತಿಯ ಸಂಖ್ಯೆಯ ಕೊನೆಗೆ ‘~ಬಿಪಿಓ12’ ಎಂಬ ಗುರುತು ಸೇರಿರುತ್ತದೆ. ಡೆಬಿಯನ್‌ನ ಎಣಿಕೆಯಲ್ಲಿ ಅಲೆಯಂಥ ಆ ಗೆರೆಯಿರುವ ಆವೃತ್ತಿ, ಅದಿಲ್ಲದ ಅದೇ ಸಂಖ್ಯೆಯ ಆವೃತ್ತಿಗಿಂತ ಒಂದು ಮೆಟ್ಟಿಲು ಕೆಳಗಿನದು. ಹೀಗಾಗಿ 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ಕ್ಕೆ ಬಳಕೆದಾರರು ಏರಿದಾಗ, ತಾತ್ಕಾಲಿಕವಾಗಿ ತಂದ ಆ ಪ್ಯಾಕೇಜು ಹೊಸ ಬಿಡುಗಡೆಯ ಪ್ಯಾಕೇಜಿಗೆ ತಾನಾಗಿಯೇ ಜಾಗ ಬಿಟ್ಟುಕೊಡುತ್ತದೆ, ಮತ್ತು ಅದರ ದುರಸ್ತಿಯ ಹೊಣೆ ಮತ್ತೆ ಸ್ಥಿರ ಭಂಡಾರವನ್ನು ಕಾಯುವವರ ಕೈಸೇರುತ್ತದೆ.