ಲಂಚದ ಕೀಲೆಣ್ಣೆಗೆ ಗಾಡಿ ಓಡೀತೇ?

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ದೂರಕ್ಕೆ ಸಿಗುವ ದಾಬಸ್‌ಪೇಟೆಯನ್ನು ಹಳಬರು ಶಿವಗಂಗೆ ಬೆಟ್ಟಕ್ಕೆ ತಿರುಗುವ ಊರೆಂದೂ ಈಚಿನವರು ಸೋಂಪುರ ಕೈಗಾರಿಕಾ ಪ್ರದೇಶದ ಊರೆಂದೂ ಬಲ್ಲರು. ಊರಿಗೆ ಈ ಹೆಸರು ಬಂದದ್ದು ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ (1834–1861) ಈತ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟ್; ತುಮಕೂರು ಸೀಮೆ ಆಗ ಆ ವಿಭಾಗಕ್ಕೆ ಸೇರಿತ್ತು. ಲಂಚಕ್ಕೂ ನಾಡಿನ ಏಳಿಗೆಗೂ ಏನು ಸಂಬಂಧ ಎಂದು ಕೇಳುವವರು, ಇಂಥ ಸಾಹೇಬರು ಮೈಸೂರಿನ ಕಂದಾಯ ನೋಡಿಕೊಳ್ಳುವ ಪ್ರಸಂಗ ಏಕೆ ಬಂತು ಎಂಬಲ್ಲಿಂದಲೇ ಶುರುಮಾಡಬಹುದು.

ಆಗ ‘ಶರತ್ತು’ ಎಂಬ ಪದ್ಧತಿ ಇತ್ತು. ತಾಲ್ಲೂಕಿನ ಅಮಲ್ದಾರ ಇಷ್ಟು ಹಣ ವಸೂಲು ಮಾಡಿಕೊಡುತ್ತೇನೆಂದು ಸರ್ಕಾರಕ್ಕೆ ಕರಾರು ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ಕಟ್ಟಬೇಕು. ಹಾಗೆ ಬರೆದುಕೊಟ್ಟವನು ರೈತನನ್ನು ಹಿಂಡದೆ ಬಿಟ್ಟಾನೆಯೇ? 1830–31ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡರು. (ಕಂಪನಿಯೇನೂ ಧರ್ಮಾತ್ಮರ ಕೂಟವಲ್ಲ, ಅದಕ್ಕೆ ವರ್ಷವರ್ಷ ತೆರಬೇಕಿದ್ದ ಭಾರಿ ಕಪ್ಪದ ಹೊರೆಯೂ ಕಡೆಗೆ ಇಳಿಯುತ್ತಿದ್ದುದು ರೈತನ ಬೆನ್ನ ಮೇಲೆಯೇ.)

ಇದಕ್ಕಿಂತ ಸ್ವಾರಸ್ಯದ ಸಂಗತಿ ‘ಬಟಾಯಿ’ಯದು. ಬೆಳೆಯಲ್ಲಿ ಸರ್ಕಾರದ ಪಾಲು ಗೊತ್ತುಮಾಡಲು ಅಧಿಕಾರಿ ಬರುವವರೆಗೆ ರೈತ ಪೈರಿಗೆ ಕುಡುಗೋಲು ಹಾಕುವಂತಿರಲಿಲ್ಲ. ಅಧಿಕಾರಿ ತಡಮಾಡಿದರೆ ಪೈರು ಹೊಲದಲ್ಲೇ ಹಾಳು. ಬೇಗ ಬರಬೇಕೆಂದರೆ ಕೈ ಬಿಸಿಮಾಡಬೇಕು. ಹೀಗೆ ಕೊಟ್ಟ ಕಾಸು ದೊಡ್ಡ ನಷ್ಟವೆನ್ನಿಸದಿರಬಹುದು. ಆದರೆ ತಡಮಾಡುವುದೇ ಸಂಪಾದನೆಯ ದಾರಿಯಾದ ಮೇಲೆ ಯಾವ ಅಧಿಕಾರಿಗೆ ತಾನೇ ಹೊತ್ತಿಗೆ ಸರಿಯಾಗಿ ಬರುವ ಮನಸ್ಸಾದೀತು?

ಸುಂಕಗಳ ಕಥೆ ಇನ್ನೂ ವಿಚಿತ್ರ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೂ ಸುಂಕ. ಯಾವ ಕಾಲದಲ್ಲೋ ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಾಗ ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ಅವರ ಮೊಮ್ಮಕ್ಕಳ ಕಾಲದಲ್ಲೂ ತೆರುತ್ತಿದ್ದರಂತೆ. ಕಬ್ಬನ್ ಕಾಲದಲ್ಲಿ ಇಂಥ 769 ಚಿಲ್ಲರೆ ಸುಂಕಗಳನ್ನು ತೆಗೆದುಹಾಕಲಾಯಿತು. ಬಟಾಯಿಯ ಬದಲು ನಗದು ಕಂದಾಯ ಬಂತು. ಇಷ್ಟೆಲ್ಲ ಬಿಟ್ಟುಕೊಟ್ಟರೂ ಬೊಕ್ಕಸ ಬರಿದಾಗಲಿಲ್ಲ, ಆದಾಯ ಏರಿತು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಕನ್ನಡದಲ್ಲಿ ಬೇರುಬಿಟ್ಟಿರುವುದು ಸುಮ್ಮನೆ ಅಲ್ಲ.

ಇಷ್ಟಾದರೂ ಲಂಚದ ಪರವಾಗಿ ವಾದಿಸಿದ ಪಂಡಿತರಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ನಥೇನಿಯಲ್ ಲೆಫ್ 1964ರಲ್ಲಿ, ನಿಯಮಗಳೇ ಕೆಟ್ಟದಾಗಿರುವ ಕಡೆ ಲಂಚ ಗಾಲಿಗೆ ಹಾಕಿದ ಕೀಲೆಣ್ಣೆಯಂತೆ ವ್ಯವಹಾರವನ್ನು ಸಲೀಸು ಮಾಡುತ್ತದೆ ಎಂಬರ್ಥದ ವಾದ ಮುಂದಿಟ್ಟ. ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಈ ಮಾತು ಸರಿಯೆನಿಸಿದರೆ ಅಚ್ಚರಿಯಿಲ್ಲ. ಆದರೆ ಅದೇ ವರ್ಷ ವರದಿ ಕೊಟ್ಟ ನಮ್ಮ ಸಂತಾನಂ ಸಮಿತಿ, ಕಡತ ಓಡಿಸಲೆಂದು ಕೊಡುವ ಹಣವೇ ಕಡತ ನಿಲ್ಲಲು ಕಾರಣ ಎಂಬುದನ್ನು ಗುರುತಿಸಿತು. ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ 1968ರ ‘ಏಷ್ಯನ್ ಡ್ರಾಮಾ’ದಲ್ಲಿ ಇದನ್ನೇ ಎತ್ತಿ ಹೇಳಿದ. ಎಂದರೆ, ಮೊದಲು ಕೀಲನ್ನು ಬಿಗಿಮಾಡಿದವನೇ ಆಮೇಲೆ ಎಣ್ಣೆ ಮಾರಲು ಕೂತಿರುತ್ತಾನೆ. 1995ರಲ್ಲಿ ಪಾವೊಲೊ ಮಾವ್ರೊ ಎಂಬ ಅರ್ಥಶಾಸ್ತ್ರಜ್ಞ ಸುಮಾರು 70 ದೇಶಗಳ ಅಂಕಿಅಂಶ ಹೋಲಿಸಿದಾಗ, ಭ್ರಷ್ಟಾಚಾರ ಹೆಚ್ಚಿದ ಕಡೆ ಬಂಡವಾಳ ಹೂಡಿಕೆ ಕಡಿಮೆ ಎಂದು ಕಂಡಿತು. ಕಚೇರಿಗಳಲ್ಲಿ ತೊಡಕು ಜಾಸ್ತಿಯಿದ್ದ ದೇಶಗಳಲ್ಲೂ ಕೀಲೆಣ್ಣೆಯ ಗುಣ ಕಾಣಲಿಲ್ಲ.

ಹಾಗಾದರೆ ಬಳ್ಳಾರಿ ಬೆಳೆಯಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿಗೆ ಬೆಲೆ ಬಂದಾಗ ಅಲ್ಲಿ ಹಣದ ಹೊಳೆಯೇ ಹರಿಯಿತು, ಸುಳ್ಳಲ್ಲ. ಆದರೆ 2011ರ ಜುಲೈನಲ್ಲಿ ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆ ವರದಿ ಕೊಟ್ಟಾಗ, ಬೊಕ್ಕಸಕ್ಕೆ ಆದ ನಷ್ಟದ ಲೆಕ್ಕ 16,085 ಕೋಟಿ ರೂಪಾಯಿ ಮುಟ್ಟಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಯಾವ ಅಕ್ರಮದಲ್ಲೂ ಪಾಲಿಲ್ಲದ ಲಾರಿ ಚಾಲಕ, ಕೂಲಿಯವನು, ದಾರಿಬದಿಯ ಹೋಟೆಲಿನವನು ಎಲ್ಲರ ದುಡಿಮೆಯೂ ಒಟ್ಟಿಗೇ ನಿಂತಿತು.

ಬಿಗಿದ ಕೀಲನ್ನೇ ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2001ರಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಗ್ರಾಮಲೆಕ್ಕಿಗರನ್ನು ಹುಡುಕಿಕೊಂಡು ಹೋಗುವುದು ತಪ್ಪಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿಗೆ ಮೊದಲ ಸರದಿ ಎಂದಾಯಿತು. ಹಳೆಯ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರು ಲಂಚ ಕೊಟ್ಟಿದ್ದರೆ, ಈ ಕಿಟಕಿಗಳಲ್ಲಿ ಕೊಟ್ಟವರು ನೂರಕ್ಕೆ ಮೂವರು ಮಾತ್ರ ಎಂದು ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಮೀಕ್ಷೆ ತಿಳಿಸಿತು. ಪಹಣಿಯಿದ್ದರೆ ಬ್ಯಾಂಕಿನ ಬೆಳೆಸಾಲಕ್ಕೆ ದಾರಿ. ಸಾಲ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಬಿತ್ತನೆಯೂ ಹೊತ್ತಿಗೆ ಸರಿಯಾಗಿ. ಅರ್ಥಶಾಸ್ತ್ರಜ್ಞರು ಬೆಳವಣಿಗೆ ಎನ್ನುವುದು ಹಳ್ಳಿಯಲ್ಲಿ ಕಾಣುವುದು ಹೀಗೆ.

ಆದರೆ ಕಂಪ್ಯೂಟರು ಹೊಲಕ್ಕೆ ಬರುವುದಿಲ್ಲ. ಪೋಡಿಗೆ, ಹದ್ದುಬಸ್ತಿಗೆ ಈಗಲೂ ಅಳತೆ ಮಾಡುವವರು ಜಮೀನಿನಲ್ಲಿ ಬಂದು ನಿಲ್ಲಬೇಕು. ದೊಡ್ಡ ಕಾರ್ಖಾನೆಗಾದರೆ ಕಚೇರಿ ಅಲೆಯಲೆಂದೇ ಸಂಬಳದ ಆಳುಗಳಿರುತ್ತಾರೆ. ದಾಬಸ್‌ಪೇಟೆಯ ಸುತ್ತ ಎರಡು ಎಕರೆ ಇಟ್ಟುಕೊಂಡವನೋ, ಒಂದು ಲೇತ್ ಯಂತ್ರ ಹಾಕಿ ನಾಲ್ಕು ಜನಕ್ಕೆ ಕೆಲಸ ಕೊಡಲು ಹೊರಟವನೋ ಒಂದು ದಿನದ ದುಡಿಮೆ ಬಿಟ್ಟು ನೆಲಮಂಗಲದ ಬಸ್ಸು ಹತ್ತಬೇಕು. ಕೆಲಸ ಆಗದಿದ್ದರೆ ಇನ್ನೊಂದು ದಿನ.