ಹಳೆಯ ಗಾಜಿನ ಲೋಟ: ನೋಡಲು ಯಾವುದು, ಕುಡಿಯಲು ಯಾವುದು?

ಮುಂಬೈಯ ಚೋರ್ ಬಜಾರ್, ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನಡೆಯುವ ಜುನಾ ಬಜಾರ್, ಗುರುವಾರದ ಹೆಸರನ್ನೇ ಹೊತ್ತ ಹೈದರಾಬಾದಿನ ಜುಮ್ಮೆರಾತ್ ಬಜಾರ್ ಸುತ್ತುವ ಹವ್ಯಾಸಿಗಳ ಕಣ್ಣು ಗಡಿಯಾರ, ಗ್ರಾಮಫೋನುಗಳ ಪಕ್ಕದಲ್ಲಿರುವ ಗಾಜಿನ ಲೋಟಗಳ ಮೇಲೂ ಬೀಳುತ್ತದೆ. 1950–60ರ ದಶಕದವುಗಳ ಸೊಗಸೇ ಬೇರೆ: ಚಿನ್ನದ ಅಂಚು, ಕೆಂಪು–ಹಳದಿ ಹೂವು. ಒಂದು ಕಾಲಕ್ಕೆ ನೆಂಟರು ಬಂದಾಗಷ್ಟೇ ಶೋಕೇಸಿನಿಂದ ಇಳಿಯುತ್ತಿದ್ದ ಲೋಟಗಳಿವು. ಆದರೆ ಕೊಂಡು ತಂದ ದಿನವೇ ಅದರಲ್ಲಿ ಪಾನಕ ಹಾಕಿ ಮಕ್ಕಳ ಕೈಗೆ ಕೊಡುವ ಮೊದಲು ಒಂದಿಷ್ಟು ತಿಳಿದಿರಬೇಕು.

ಗಾಜಿನ ಮೇಲಿನ ಬಣ್ಣ ಕಡಿಮೆ ಶಾಖದಲ್ಲಿ ಕರಗಿ ಅಂಟಿಕೊಳ್ಳಲೆಂದು ಅದಕ್ಕೆ ಸೀಸ ಬೆರೆಸುವ ಪದ್ಧತಿಯಿತ್ತು. ಕೆಂಪು, ಹಳದಿ ಬಣ್ಣಗಳಿಗೆ ಕ್ಯಾಡ್ಮಿಯಮ್ ಬಳಸುತ್ತಿದ್ದರು. ಬಣ್ಣ ಹೊರಮೈಯಲ್ಲಿ ತಾನೇ ಇರುವುದು ಎನ್ನಬಹುದು. ತುಟಿ ತಾಗುವುದೂ ಅಲ್ಲಿಗೇ, ಮಕ್ಕಳ ಬೆರಳು ಹಿಡಿಯುವುದೂ ಅಲ್ಲಿಯೇ. ಅಮೆರಿಕದಲ್ಲಿ ಇಂಥ ಲೋಟಗಳನ್ನು ಪರೀಕ್ಷಿಸುವಾಗ ಅಂಚಿನಿಂದ ಕೆಳಗೆ 20 ಮಿ.ಮೀ. ಭಾಗವನ್ನೇ ಮುಖ್ಯವಾಗಿ ನೋಡುತ್ತಾರೆ. ಇದು ಬರೀ ಹಳೆಯ ಕಾಲದ ಸಮಸ್ಯೆಯೂ ಅಲ್ಲ. 2010ರಲ್ಲಿ ಮೆಕ್‌ಡೊನಾಲ್ಡ್ಸ್ ಅಲ್ಲಿ ಮಾರಾಟಕ್ಕೆ ತಂದಿದ್ದ ‘ಶ್ರೆಕ್’ ಚಿತ್ರದ ಸುಮಾರು 1.2 ಕೋಟಿ ಲೋಟಗಳನ್ನು ಬಣ್ಣದಲ್ಲಿ ಕ್ಯಾಡ್ಮಿಯಮ್ ಇದ್ದ ಕಾರಣಕ್ಕೆ ವಾಪಸ್ ಪಡೆಯಿತು.

ಹಾಗಾಗಿ ಚಿತ್ರದ ಲೋಟ, ಅದರಲ್ಲೂ ಬಣ್ಣ ಸವೆದು ಪುಡಿಯಾಗುತ್ತಿರುವುದು, ಕಪಾಟಿಗಷ್ಟೇ ಇರಲಿ. ಥಳಥಳಿಸುವ ಕಟ್ ಗ್ಲಾಸ್ ಕ್ರಿಸ್ಟಲ್‌ನಲ್ಲಿ ಗಾಜಿನೊಳಗೇ ಸೀಸವಿರುತ್ತದೆ. ನಿಂಬೆ ಶರಬತ್ತು, ವೈನ್‌ನಂಥ ಹುಳಿ ಪಾನೀಯವನ್ನು ಅದರಲ್ಲಿ ಹೊತ್ತುಗಟ್ಟಲೆ ಇಡಬಾರದು.

ದಿನಬಳಕೆಗೆ ಬಣ್ಣವಿಲ್ಲದ ಸಾದಾ ಲೋಟವೇ ವಾಸಿ. ವಡೋದರದ ಅಲೆಂಬಿಕ್ ಕಾರ್ಖಾನೆಯ ‘ಯೇರಾ’ ಹೆಸರು ನಮ್ಮ ಎಷ್ಟೋ ಮನೆಗಳಿಗೆ ಗೊತ್ತು. ಗಟ್ಟಿತನ ಬೇಕೆಂದರೆ ಫ್ರಾನ್ಸಿನ ಡ್ಯೂರಾಲೆಕ್ಸ್ ಇದೆ. ಅದರ ‘ಜಿಗೋನ್’ 1946ರದು, ಪಟ್ಟಿಪಟ್ಟಿಯ ‘ಪಿಕಾರ್ಡಿ’ 1954ರದು. ಕೆಂಪಗೆ ಕಾದ ಗಾಜಿನ ಮೇಲೆ ತಣ್ಣನೆಯ ಗಾಳಿ ಹಾಯಿಸಿ ಹದ ಮಾಡುವುದರಿಂದ ಅದು ಸುಲಭಕ್ಕೆ ಒಡೆಯದು. ಒಡೆದರೂ ಚೂಪು ಹೋಳಾಗದೆ ಹರಳು ಹರಳಾಗುತ್ತದೆ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಪಿಕಾರ್ಡಿ ಈಗಲೂ ತಯಾರಾಗುತ್ತದೆ. ಆಕಾರ ನೋಡಿ ‘ಆಂಟಿಕ್’ ಎಂದು ಹೆಚ್ಚು ದುಡ್ಡು ಕೊಡಬೇಡಿ. ತಳದಲ್ಲಿರುವ ಸಂಖ್ಯೆ ವರ್ಷವನ್ನು ಹೇಳುವುದಿಲ್ಲ, ಅದು ಅಚ್ಚಿನ ಸಂಖ್ಯೆ. ಫ್ರಾನ್ಸಿನ ಶಾಲಾ ಮಕ್ಕಳು ಊಟದ ಹೊತ್ತಿಗೆ ಅದನ್ನು ನೋಡಿ ‘ನನ್ನ ವಯಸ್ಸು ಇಷ್ಟು’ ಎಂದು ಆಡಿಕೊಳ್ಳುತ್ತಿದ್ದರು.

ಕೊಳ್ಳುವಾಗ ಲೋಟ ಒಣಗಿರಲಿ. ಒದ್ದೆ ಗಾಜಿನಲ್ಲಿ ಮಸುಕು ಕಾಣುವುದಿಲ್ಲ. ಗಡಸು ನೀರಿನ ಬಿಳಿ ಕಲೆ ವಿನೆಗರ್‌ನಲ್ಲಿ ನೆನೆಸಿದರೆ ಹೋಗುತ್ತದೆ, ಗಾಜೇ ಸವೆದಿದ್ದರೆ ಹೋಗುವುದಿಲ್ಲ. ಅಂಚಿನ ಸುತ್ತ ಉಗುರು ಆಡಿಸಿ, ಮುಕ್ಕು ಸಿಕ್ಕಿದರೆ ಬಿಟ್ಟುಬಿಡಿ. ಒಂದರೊಳಗೊಂದು ಸಿಕ್ಕಿಕೊಂಡ ಲೋಟಗಳನ್ನು ಜಗ್ಗಬೇಡಿ. ಒಳಗಿನದಕ್ಕೆ ತಣ್ಣೀರು ತುಂಬಿ, ಹೊರಗಿನದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಮೆಲ್ಲಗೆ ಬಿಡುತ್ತವೆ. ಚಿನ್ನದ ಅಂಚಿನವನ್ನು ಮೈಕ್ರೋವೇವ್‌ನಲ್ಲಿ ಇಡಲೇಬಾರದು, ಕೈಯಲ್ಲೇ ತೊಳೆಯಬೇಕು.