ಬಯಲುಸೀಮೆಯವರು ಕಾಣಬೇಕಾದ ಹೊನ್ನಾವರ

ತುಮಕೂರಿನಿಂದ ಪಶ್ಚಿಮಕ್ಕೆ ಹೊರಟು ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರಗಳನ್ನು ಹಾಯ್ದು ಹೋಗುವ ಹೆದ್ದಾರಿಗೆ ಬಹುಕಾಲ 206 ಎಂಬ ಸಂಖ್ಯೆಯಿತ್ತು. ಈಗ ಸಂಖ್ಯೆ ಬದಲಾಗಿದೆ, ದಾರಿ ಬದಲಾಗಿಲ್ಲ. ನಮ್ಮ ಜಿಲ್ಲಾಕೇಂದ್ರದಿಂದ ತೊಡಗುವ ಆ ರಸ್ತೆ ಸುಮಾರು 360 ಕಿಲೋಮೀಟರು ಸಾಗಿ ಕೊನೆಗೊಳ್ಳುವುದು ಶರಾವತಿಯ ಅಳಿವೆಯ ದಡದಲ್ಲಿರುವ ಹೊನ್ನಾವರವೆಂಬ ಪುಟ್ಟ ಬಂದರು ಪಟ್ಟಣದಲ್ಲಿ. ಕೊಳವೆಬಾವಿಯ ನೀರಿಗಾಗಿ ಸಾವಿರ ಅಡಿ ಇಳಿಯುವ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಕುಟುಂಬಗಳಿಗೆ ಕಡಲು ದೂರದ ಮಾತೆನಿಸಬಹುದು. ಆದರೆ ಪಟ್ಟನಾಯಕನಹಳ್ಳಿಯ ಕಡೆಯವರು ಒಂದು ಹಗಲಿನ ಪ್ರಯಾಣದಲ್ಲಿ ಅದನ್ನು ಮುಟ್ಟಬಹುದು. ಶಿರಾ, ಪಾವಗಡದವರು ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆಗಳ ಮೇಲೆ ಬಂದು ಶಿವಮೊಗ್ಗದಲ್ಲಿ ಇದೇ ದಾರಿಯನ್ನು ಕೂಡಿಕೊಳ್ಳಬಹುದು.

ಅವಸರಪಟ್ಟು ಒಂದೇ ದಿನದಲ್ಲಿ ಹೋಗುವುದು ನಮಗೆ ಸರಿಕಾಣದು. ಸಾಗರದಲ್ಲಿ ಒಂದು ರಾತ್ರಿ ತಂಗಿ ಕೆಳದಿ, ಇಕ್ಕೇರಿಗಳನ್ನು ನೋಡಿಕೊಂಡೇ ಘಟ್ಟ ಇಳಿಯುವುದು ಲೇಸು. ಎರಡೂ ಊರುಗಳು ಸಾಗರಕ್ಕೆ ಹತ್ತು ಕಿಲೋಮೀಟರಿನೊಳಗಿವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಗರ್ಭಗುಡಿಯೆದುರಿನ ನೆಲವನ್ನು ತಪ್ಪದೆ ಗಮನಿಸಬೇಕು. ಅಲ್ಲಿ ದೇವರಿಗೆ ನಮಸ್ಕರಿಸುತ್ತಿರುವ ಮೂವರು ನಾಯಕರ ರೂಪಗಳನ್ನು ಅವರವರ ಹೆಸರಿನೊಡನೆ ಕೆತ್ತಲಾಗಿದೆ. ಅರಸರು ತಮ್ಮ ಚಿತ್ರವನ್ನು ಗೋಡೆಯ ಮೇಲೆ ನಿಲ್ಲಿಸದೆ ಭಕ್ತರು ನಡೆದಾಡುವ ನೆಲದಲ್ಲಿ ಮಲಗಿಸಿದರು. ವೀರಶೈವ ಮನೆತನವಾದ ಈ ಕೆಳದಿಯವರೇ ಮುಂದೆ ಹೊನ್ನಾವರದ ಒಡೆಯರಾದವರು.

ಯಾವಾಗ ಹೋಗಬೇಕೆಂಬ ಪ್ರಶ್ನೆಗೆ ಮೊದಲೇ ಉತ್ತರಿಸುವುದೊಳ್ಳೆಯದು. ಜೋಗದ 253 ಮೀಟರು ಎತ್ತರದ ಧಾರೆ ತುಂಬಿ ಬೀಳುವುದು ಮಳೆಗಾಲದಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಬೇಸಿಗೆಯಲ್ಲಿ ಅಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ಆದರೆ ಜೋಗ ಚೆಲುವಾಗಿರುವ ಆ ತಿಂಗಳುಗಳಲ್ಲಿ ಕಡಲು ರೊಚ್ಚಿಗೆದ್ದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಎರಡನ್ನೂ ಒಂದೇ ಪ್ರವಾಸದಲ್ಲಿ ಬಯಸಬಾರದು. ಕುಟುಂಬ ಸಮೇತ ಹೋಗುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಹಿತಕರವೆಂದು ನಾವು ಹೇಳುತ್ತೇವೆ.

ಮಾವಿನಗುಂಡಿಯನ್ನು ದಾಟಿ ಗೇರುಸೊಪ್ಪೆಯ ಘಟ್ಟ ಇಳಿಯುವಾಗ ಸಿಂಗಳೀಕಗಳು ಕಾಣಿಸಿಕೊಳ್ಳುವುದುಂಟು. ಅವುಗಳಿಗೆ ತಿಂಡಿ ಎಸೆಯಬಾರದು. ರಸ್ತೆಗಿಳಿದು ವಾಹನಗಳಿಗೆ ಸಿಲುಕಲು ಅದೇ ಕಾರಣವಾಗುತ್ತದೆ. ಗೇರುಸೊಪ್ಪೆಯ ಬಳಿಯ ನಗರಬಸ್ತಿಕೇರಿಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತ ಕಲ್ಲಿನ ಚತುರ್ಮುಖ ಬಸದಿಯಿದೆ. ಮೆಣಸಿನ ವ್ಯಾಪಾರದಿಂದ ಮೆರೆದ ನಗರವೊಂದು ಇಲ್ಲಿತ್ತೆಂದರೆ ಈಗಿನ ಕಾಡನ್ನು ನೋಡಿ ನಂಬುವುದು ಕಷ್ಟ. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿ 54 ವರ್ಷ ಆಳಿದಳೆಂದು ಪ್ರಸಿದ್ಧಿ. ಅವಳ ರಾಜ್ಯವನ್ನು 17ನೆಯ ಶತಮಾನದ ಆರಂಭದಲ್ಲಿ ಗೆದ್ದವನು ಕೆಳದಿಯ ವೆಂಕಟಪ್ಪನಾಯಕ. ಆ ವೃದ್ಧ ರಾಣಿ ಸೆರೆಯಲ್ಲಿಯೇ ತೀರಿಕೊಂಡಳೆಂದು ಹೇಳುತ್ತಾರೆ. ಇಕ್ಕೇರಿಯಲ್ಲಿ ನಮಗುಂಟಾದ ಅಭಿಮಾನ ಈ ಬಸದಿಯ ಎದುರಿನಲ್ಲಿ ಸ್ವಲ್ಪ ತಗ್ಗಿದರೆ ತಪ್ಪೇನೂ ಇಲ್ಲ.

ಹೊನ್ನಾವರದ ಹಿರಿಮೆ ಇನ್ನೂ ಹಿಂದಿನದು. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಇಬ್ನ್ ಬತೂತ ಈ ಪಟ್ಟಣದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಅಕ್ಕಮಹಾದೇವಿಯನ್ನು ನೆನೆಯುವ ಮನೆಗಳ ಹೆಣ್ಣುಮಕ್ಕಳಿಗೆ ಇದನ್ನು ಓದಿ ಹೇಳಬೇಕು. ಅನಂತರ ಪೋರ್ಚುಗೀಸರು ಕೋಟೆ ಕಟ್ಟಿದರು. 1650ರ ದಶಕದಲ್ಲಿ ಶಿವಪ್ಪನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಗಳಿಂದ ಅವರನ್ನು ಹೊರಹಾಕಿದ. ಕಡಲಿನ ನಡುವೆ ಕೆಳದಿಯವರ ಕೋಟೆಯುಳ್ಳ ಬಸವರಾಜದುರ್ಗವೆಂಬ ದ್ವೀಪ ಇಂದಿಗೂ ಇದೆ. ದಡದಿಂದಲೇ ಅದನ್ನು ಮಕ್ಕಳಿಗೆ ತೋರಿಸಬಹುದು. ಅನುಮತಿಯಿಲ್ಲದ ದೋಣಿಯಲ್ಲಿ ಅಲ್ಲಿಗೆ ಹೋಗುವ ಸಾಹಸ ಬೇಡ.

ಪಟ್ಟಣದಲ್ಲಿ ನಮಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಶರಾವತಿಯೇ. ಅಂಬುತೀರ್ಥದಲ್ಲಿ ಕೈಯಷ್ಟಗಲ ಹುಟ್ಟುವ ನದಿ ಇಲ್ಲಿ ಆಚೆ ದಡ ಮಸುಕಾಗುವಷ್ಟು ಹರಡಿಕೊಂಡಿದೆ. ಅದರ ಮೇಲಿನ ಕೊಂಕಣ ರೈಲ್ವೆ ಸೇತುವೆಯ ಉದ್ದ 2 ಕಿಲೋಮೀಟರಿಗೂ ಮಿಗಿಲು. ಆ ಮಾರ್ಗದಲ್ಲಿ ಇದಕ್ಕಿಂತ ಉದ್ದದ ಸೇತುವೆಯಿಲ್ಲ. ಸಂಜೆ ರೈಲು ಹಾದುಹೋಗುವುದನ್ನು ದಡದಲ್ಲಿ ನಿಂತು ನೋಡುವುದಕ್ಕೆ ಶುಲ್ಕವೇನೂ ಇಲ್ಲ. ಹಿನ್ನೀರಿನಲ್ಲಿ ದೋಣಿವಿಹಾರವುಂಟು. ಕಾಸರಕೋಡಿನಲ್ಲಿ ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಉಪ್ಪುನೀರಿನಲ್ಲಿ ಬೇರೂರಿ, ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುವ ಈ ಗಿಡಗಳು ಮೀನಿನ ಮರಿಗಳಿಗೆ ತೊಟ್ಟಿಲು, ದಡಕ್ಕೆ ಬೇಲಿ. ಹೊಂಗೆ, ಜಾಲಿ ಕಂಡ ಕಣ್ಣಿಗೆ ಇದೊಂದು ಬೇರೆಯೇ ಸೃಷ್ಟಿ.

ಅದೇ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಪಕ್ಕದ ಟೊಂಕದಲ್ಲಿ ಹೆಂಗಸರು ಮೀನು ಒಣಗಿಸುತ್ತಾರೆ. ಚಳಿಗಾಲದಲ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಅಲ್ಲಿ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಯನ್ನು ಮೀನುಗಾರರು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದಾರೆ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಮುನ್ನ ಅದು ಅವರ ಕಾಯಕವೆಂಬುದನ್ನು ನೆನೆಯಬೇಕು.

ದಕ್ಷಿಣಕ್ಕೆ ಅಪ್ಸರಕೊಂಡದ ಪುಟ್ಟ ಜಲಪಾತ, ಇಡಗುಂಜಿಯ ದ್ವಿಭುಜ ಗಣಪತಿ, ಇನ್ನೂ ಮುಂದೆ ಮುರುಡೇಶ್ವರ. 123 ಅಡಿಯ ಶಿವನ ಮೂರ್ತಿಯನ್ನೂ ಲಿಫ್ಟಿನಲ್ಲಿ ಏರಬಹುದಾದ 20 ಅಂತಸ್ತಿನ ರಾಜಗೋಪುರವನ್ನೂ ಬಲ್ಲದವರಿಲ್ಲ, ಹೆಚ್ಚು ಹೇಳಬೇಕಾಗಿಲ್ಲ. ಹೇಳಲೇಬೇಕಾದುದು ಬೇರೊಂದಿದೆ. 2024ರ ಡಿಸೆಂಬರ್ 10ರಂದು ಇದೇ ಮುರುಡೇಶ್ವರದ ದಡದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ 4 ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಕೆರೆ ಬತ್ತಿದ ಊರುಗಳಲ್ಲಿ ಬೆಳೆದವರಿಗೆ ಈಜು ಎಲ್ಲಿಂದ ಬರಬೇಕು?

ಆದುದರಿಂದ ತಂದೆತಾಯಂದಿರು ಕೆಲವು ಮಾತುಗಳನ್ನು ಹೊರಡುವ ಮೊದಲೇ ತಿಳಿದಿರಬೇಕು. ಕಡಲು ಕೆರೆಯಂತಲ್ಲ. ದಡಕ್ಕೆ ಅಪ್ಪಳಿಸಿದ ನೀರು ಹಿಂದಕ್ಕೆ ಹೋಗಲು ಅಲ್ಲಲ್ಲಿ ಓಣಿ ಮಾಡಿಕೊಳ್ಳುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ ಕಪ್ಪಾಗಿ ಕಂಡರೆ, ಇಳಿಯಲು ಅದೇ ಒಳ್ಳೆಯ ಜಾಗವೆಂದು ಹೊಸಬರು ಭಾವಿಸುತ್ತಾರೆ. ಸೆಳೆತವಿರುವುದು ಅಲ್ಲಿಯೇ. ಮೊಣಕಾಲು ಮಟ್ಟದ ನೀರಿನಲ್ಲಿಯೂ ಹಿಂದೆ ಸರಿಯುವ ಅಲೆ ಕಾಲಡಿಯ ಮರಳನ್ನು ಕೊಚ್ಚಿ ಮನುಷ್ಯನನ್ನು ಕೆಡಹಬಲ್ಲುದು. ಅಕಸ್ಮಾತ್ ಸಿಕ್ಕಿಬಿದ್ದವರು ದಡದ ಕಡೆಗೆ ನೇರವಾಗಿ ಹೋರಾಡಿ ಶಕ್ತಿಗುಂದಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಇಲ್ಲವೇ ತೇಲುತ್ತ ಕೈಯೆತ್ತಿ ಕೂಗಬೇಕು. ರಕ್ಷಿಸಲು ಮನೆಯವರೆಲ್ಲ ಸಾಲಾಗಿ ಧುಮುಕುವುದು ಸಾವುಗಳನ್ನು ಹೆಚ್ಚಿಸುತ್ತದೆ. ಖಾಲಿ ಕ್ಯಾನನ್ನೋ ಹಗ್ಗವನ್ನೋ ಎಸೆದು ಕಾವಲಿನವರನ್ನು ಕರೆಯಬೇಕು. ಅಳಿವೆಯ ಬಾಯಲ್ಲಿ, ಕೆಂಪು ಬಾವುಟ ನೆಟ್ಟಲ್ಲಿ, ಕತ್ತಲಾದ ಮೇಲೆ ನೀರಿಗೆ ಇಳಿಯುವುದೇ ಬೇಡ. ಸೀರೆಯುಟ್ಟ ತಾಯಂದಿರು ಮಗುವನ್ನೆತ್ತಿಕೊಂಡು ಅಲೆಗಳಲ್ಲಿ ನಿಲ್ಲುವುದನ್ನು ನಾವು ಎಲ್ಲ ದಡಗಳಲ್ಲಿಯೂ ಕಾಣುತ್ತೇವೆ. ನೆನೆದ ಸೀರೆಯ ಭಾರ ಎಷ್ಟೆಂಬುದು ಬಿದ್ದಾಗಲೇ ತಿಳಿಯುವುದು.

ಊಟದ ಬಗೆಗೆ ಚಿಂತೆ ಬೇಕಿಲ್ಲ. ಕರಾವಳಿಯೆಂದರೆ ಮೀನು ಮಾತ್ರವಲ್ಲ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ನೀರುದೋಸೆಗಳ ಸಸ್ಯಾಹಾರ ಇಲ್ಲಿ ಸಮೃದ್ಧ. ರಾಗಿಮುದ್ದೆ ಸಿಗದು, ಕೊಬ್ಬರಿ ಎಣ್ಣೆಯ ಒಗ್ಗರಣೆ ಕೆಲವರಿಗೆ ಒಗ್ಗದು. ಮನೆಯ ಹಿರಿಯರಿಗಾಗಿ ಎರಡು ದಿನದ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುವುದು ಮೇಲು.

ರಾತ್ರಿ ಬಿಡುವಿದ್ದರೆ ಯಕ್ಷಗಾನವೆಲ್ಲಿದೆಯೆಂದು ವಿಚಾರಿಸಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳದ ನೆಲೆ ಇದೇ ತಾಲ್ಲೂಕಿನ ಗುಣವಂತೆ. ಮೂಡಲಪಾಯ ಬಯಲಾಟವನ್ನು ಕಂಡ ನಮ್ಮ ಸೀಮೆಯ ಅಜ್ಜಂದಿರು ಬಡಗುತಿಟ್ಟಿನ ಕುಣಿತದ ಮುಂದೆ ಕುಳಿತರೆ ಬೆಳಗಾಗುವವರೆಗೆ ಏಳುವುದು ಸಂಶಯವೇ. ಮರುದಿನದ ಪ್ರಯಾಣವನ್ನು ಸ್ವಲ್ಪ ತಡವಾಗಿಯೇ ಇಟ್ಟುಕೊಳ್ಳಿರಿ.